ಗಲ್ಲಾ ಪಕ್ಕದ ಟಿಪ್ಸ್ ಡಬ್ಬ: ಅದು ಯಾರ ದುಡ್ಡು?

1/7
ಕಾಫಿ ಶಾಪಿಗೆ ಹೋಗ್ತೀರ. ಕ್ಯೂ ನಿಲ್ಲೋದೂ ನೀವೇ, ಕಪ್ ಎತ್ಕೊಂಡು ಬರೋದೂ ನೀವೇ. ಆದ್ರೂ ಗಲ್ಲಾ ಪಕ್ಕ ಒಂದು ಗಾಜಿನ ಡಬ್ಬ, ಮೇಲೆ ‘ಟಿಪ್ಸ್’ ಅಂತ ಚೀಟಿ. ಹಿಂದೆ ನಿಂತವರು ನೋಡ್ತಿದಾರೆ ಅಂತ ಮುಜುಗರಕ್ಕೆ ಹತ್ತು ರೂಪಾಯಿ ಹಾಕಿದೀರಾ? ನಾನೂ ಹಾಕಿದೀನಿ. ಅಂಥದ್ದೇ ಒಂದು ಡಬ್ಬದಿಂದ ದುಡ್ಡು ತಗೊಂಡೂ ಇದೀನಿ. ಆ ಕಥೆ ಕೊನೇಲಿ ಹೇಳ್ತೀನಿ. ಈ ಡಬ್ಬ ಅಲ್ಲಿರಬೇಕಾ, ಬೇಡ್ವಾ ಅಂತ ತೀರ್ಮಾನ ಮಾಡೋಕೆ ಮುಂಚೆ ಸ್ವಲ್ಪ ಇತಿಹಾಸ ನೋಡೋಣ. ಅದಕ್ಕೆ ಅಮೆರಿಕದ ಒಂದು ರೈಲು ಹತ್ತಬೇಕು.

2/7
1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗೀತು, ಗುಲಾಮಗಿರಿ ರದ್ದಾಯ್ತು. ಲಕ್ಷಾಂತರ ಕಪ್ಪು ಜನ ಸ್ವತಂತ್ರರಾದ್ರು, ಆದರೆ ಕೈಲಿ ಭೂಮಿ ಇಲ್ಲ, ದುಡ್ಡಿಲ್ಲ. ಅದೇ ಹೊತ್ತಿಗೆ ಜಾರ್ಜ್ ಪುಲ್‌ಮನ್ ಅನ್ನೋ ಉದ್ಯಮಿ ಮಲಗಿ ಪ್ರಯಾಣ ಮಾಡೋ ಐಷಾರಾಮಿ ಬೋಗಿಗಳನ್ನ ಓಡಿಸೋಕೆ ಶುರು ಮಾಡಿದ. ಹಾಸಿಗೆ ಹಾಸೋಕೆ, ಬೂಟು ಒರೆಸೋಕೆ, ಪೆಟ್ಟಿಗೆ ಹೊರೋಕೆ ಬಿಡುಗಡೆಯಾದ ಗುಲಾಮರನ್ನೇ ಹುಡುಕಿ ಹುಡುಕಿ ಕೆಲಸಕ್ಕೆ ತಗೊಂಡ. ಸಂಬಳ ತೀರಾ ಕಮ್ಮಿ, ಮಿಕ್ಕಿದ್ದು ಪ್ರಯಾಣಿಕರ ಟಿಪ್ಸ್. 1915ರ ಹೊತ್ತಿಗೂ ಶುರುವಿನ ಸಂಬಳ ತಿಂಗಳಿಗೆ 27.50 ಡಾಲರ್ ಅಷ್ಟೇ ಇತ್ತು. ಎಷ್ಟೋ ಪ್ರಯಾಣಿಕರು ಅವರ ಹೆಸರನ್ನೂ ಕೇಳ್ತಿರಲಿಲ್ಲ. ಯಜಮಾನನ ಹೆಸರಿಟ್ಟು ಎಲ್ಲರನ್ನೂ ‘ಜಾರ್ಜ್’ ಅಂತಲೇ ಕರೀತಿದ್ರು.

ಲೆಕ್ಕ ಗಮನಿಸಿ: ಕೆಲಸ ಮಾಡಿಸಿಕೊಂಡವನು ಕಂಪನಿ, ಕೂಲಿ ಕೊಡಬೇಕಾದವನು ಪ್ರಯಾಣಿಕ. ಟಿಪ್ಸ್ ಪದ್ಧತಿ ಯುರೋಪಿಂದ ಬಂದಿದ್ದೇ ಇರಬಹುದು. ಆದರೆ ಸಂಬಳದ ಜಾಗದಲ್ಲಿ ಅದನ್ನ ಕೂರಿಸಿದ್ದು ಇಂಥ ಲೆಕ್ಕ.

3/7
ಅಮೆರಿಕನ್ನರು ಇದನ್ನ ಸುಮ್ನೆ ಒಪ್ಕೊಂಡ್ರಾ? ಇಲ್ಲ. ಟಿಪ್ಸ್ ಅಂದ್ರೆ ರಾಜ-ಪ್ರಜೆ ಕಾಲದ ಚಾಳಿ, ಪ್ರಜಾಪ್ರಭುತ್ವಕ್ಕೆ ಒಗ್ಗಲ್ಲ ಅಂತ ದೊಡ್ಡ ಕೂಗೇ ಎದ್ದಿತ್ತು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ಕಾನೂನಿನಿಂದ ನಿಷೇಧಿಸ್ತು! ಮಿಸಿಸಿಪಿ, ಅರ್ಕನ್ಸಾ, ಅಯೋವಾ, ಟೆನೆಸ್ಸಿ ಹೀಗೆ ಇನ್ನೂ ಕೆಲವು ರಾಜ್ಯಗಳು ಅದೇ ದಾರಿ ಹಿಡಿದ್ವು. ಆದರೆ ನಿಷೇಧ ನಿಲ್ಲಲಿಲ್ಲ. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ಹೋಗಿದ್ವು.

ಪುಲ್‌ಮನ್ ಕೆಲಸಗಾರರು ಹಿಡಿದಿದ್ದು ಬೇರೆ ದಾರಿ. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ನಾಯಕತ್ವದಲ್ಲಿ ಸಂಘ ಕಟ್ಟಿದ್ರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿ ಜತೆ ಒಪ್ಪಂದ ಮಾಡ್ಕೊಂಡ್ರು. ಸಂಬಳ ಏರಿತು, ತಿಂಗಳಿಗೆ 400 ಗಂಟೆ ದುಡಿತ 240ಕ್ಕೆ ಇಳೀತು. ಅವರು ಕೇಳಿದ್ದು ದೊಡ್ಡ ಟಿಪ್ಸ್ ಅಲ್ಲ, ಸಂಬಳ.

4/7
ಮರುವರ್ಷ, 1938ರಲ್ಲಿ, ಅಮೆರಿಕಕ್ಕೆ ರಾಷ್ಟ್ರಮಟ್ಟದ ಕನಿಷ್ಠ ಕೂಲಿ ಕಾನೂನು ಬಂತು. ಹೋಟೆಲ್ ಕೆಲಸಗಾರರನ್ನ ಅದರಿಂದ ಹೊರಗೇ ಇಟ್ರು. 1966ರಲ್ಲಿ ಒಳಗೆ ಸೇರಿಸಿಕೊಂಡ್ರು ನಿಜ, ಆದರೆ ಜತೆಗೊಂದು ಕಿಂಡಿ ಬಿಟ್ರು: ಟಿಪ್ಸ್ ಬರೋರಿಗೆ ಮಾಲೀಕ ಕಮ್ಮಿ ಕೂಲಿ ಕೊಟ್ಟರೂ ಸರಿ, ಮಿಕ್ಕಿದ್ದನ್ನ ಟಿಪ್ಸ್ ತುಂಬಲಿ. ಇವತ್ತಿಗೂ ಕೇಂದ್ರ ಕಾನೂನಿನ ಪ್ರಕಾರ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಟಿಪ್ಸ್ ಬರೋರಿಗೆ ಮಾಲೀಕ ಕೊಡಲೇಬೇಕಾದ್ದು ಬರೀ 2.13. ಆ 2.13 ಅನ್ನೋ ಅಂಕಿ 1991ರಿಂದ ಅಲುಗಾಡಿಲ್ಲ. ಎಷ್ಟೋ ರಾಜ್ಯಗಳು ಜಾಸ್ತಿ ಕೊಡ್ತವೆ, ಅದು ಬೇರೆ ಮಾತು.

ಅದಕ್ಕೇ ಅಮೆರಿಕದಲ್ಲಿ ಮೇಜಿಗೆ ಬಡಿಸಿದವರಿಗೆ ಟಿಪ್ಸ್ ಕೊಡದೆ ಎದ್ದು ಬಂದ್ರೆ ಅದು ಜಿಪುಣತನ ಅಷ್ಟೇ ಅಲ್ಲ, ಅವರ ಕೂಲಿಗೇ ಕತ್ತರಿ ಹಾಕಿದ ಹಾಗೆ. ಆದರೆ ಕೌಂಟರಲ್ಲಿ ಕಾಫಿ ಕೊಡೋರ ಕಥೆ ಬೇರೆ. ಅವರಿಗೆ ಸಾಮಾನ್ಯವಾಗಿ ಪೂರ್ತಿ ಕನಿಷ್ಠ ಕೂಲಿ ಸಿಗುತ್ತೆ. ‘ಹಾಗಾದ್ರೆ ಡಬ್ಬ ಯಾಕೆ?’ ಅಂತ ಕೇಳೋರ ವಾದ ಇದೇ. ಇದರಲ್ಲಿ ಸತ್ಯ ಇದೆ. ‘ಆ ಕೂಲಿ ಬಾಡಿಗೆಗೇ ಸಾಲಲ್ಲ’ ಅನ್ನೋ ಉತ್ತರದಲ್ಲೂ ಸತ್ಯ ಇದೆ.

5/7
ಸರಿ, ಡಬ್ಬ ಇಟ್ರು. ಸಂಜೆ ಅದನ್ನ ಹಂಚ್ಕೊಳ್ಳೋರು ಯಾರು? ಈ ಪ್ರಶ್ನೆ ಕೋರ್ಟ್ ಮೆಟ್ಟಿಲೂ ಹತ್ತಿದೆ. ಕ್ಯಾಲಿಫೋರ್ನಿಯಾದ ಸ್ಟಾರ್‌ಬಕ್ಸ್ ಅಂಗಡಿಗಳಲ್ಲಿ ಡಬ್ಬದ ದುಡ್ಡಲ್ಲಿ ಶಿಫ್ಟ್ ಸೂಪರ್‌ವೈಸರ್‌ಗಳಿಗೂ ಪಾಲು ಹೋಗ್ತಿತ್ತು. ಅದು ತಪ್ಪು ಅಂತ ಕೆಲಸಗಾರರು ಕೇಸ್ ಹಾಕಿದ್ರು. 2008ರಲ್ಲಿ ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಹೆಚ್ಚು ಕೊಡಿ ಅಂತ ತೀರ್ಪು ಬಂತು. 2009ರಲ್ಲಿ ಮೇಲಿನ ಕೋರ್ಟ್ ಅದನ್ನ ತಳ್ಳಿಹಾಕ್ತು: ಸೂಪರ್‌ವೈಸರೂ ಕಾಫಿ ಮಾಡ್ತಾರೆ, ಡಬ್ಬ ಇಟ್ಟಿರೋದು ಇಡೀ ತಂಡಕ್ಕೆ ಅಂತ. ಮ್ಯಾಸಚೂಸೆಟ್ಸಲ್ಲಿ ಇಂಥದ್ದೇ ಕೇಸಲ್ಲಿ ಕೆಲಸಗಾರರೇ ಗೆದ್ರು. 2018ರಲ್ಲಿ ಕೇಂದ್ರ ಕಾನೂನಿಗೆ ತಿದ್ದುಪಡಿ ಬಂದು ಒಂದು ವಿಷಯ ಖಚಿತವಾಯ್ತು: ಮಾಲೀಕ, ಮ್ಯಾನೇಜರ್ ಕೆಲಸಗಾರರ ಟಿಪ್ಸನ್ನ ಇಟ್ಕೊಳ್ಳೋ ಹಾಗಿಲ್ಲ.

6/7
ಈಗ ನಮ್ಮೂರಿಗೆ ಬನ್ನಿ. ಹಳೇ ಹೋಟೆಲಲ್ಲಿ ಸಪ್ಲೈಯರ್ ಅಣ್ಣ ಬಿಲ್ ತರ್ತಿದ್ದ, ಸೋಂಪಿನ ತಟ್ಟೆಯಲ್ಲಿ ನಿಮ್ಮ ತಾತ ಚಿಲ್ಲರೆ ಬಿಟ್ಟು ಏಳ್ತಿದ್ರು. ಅದಕ್ಕೆ ಭಕ್ಷೀಸು ಅಂತಿದ್ರು. 1980ರ ದಶಕದಲ್ಲಿ ಬೆಂಗಳೂರಲ್ಲಿ ದರ್ಶಿನಿಗಳು ಶುರುವಾದ್ವು. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಇಡ್ಲಿ ವಡೆ ನೀವೇ ಎತ್ಕೊಳ್ಳಿ, ನಿಂತ್ಕೊಂಡು ತಿನ್ನಿ. ಸಪ್ಲೈಯರ್ ಹೋದ, ಸೋಂಪಿನ ತಟ್ಟೆ ಹೋಯ್ತು, ಅದರ ಜತೆ ಭಕ್ಷೀಸೂ ಹೋಯ್ತು. ಇಡ್ಲಿ ಅಗ್ಗ ಆಗಿದ್ದಕ್ಕೆ ಇದೂ ಒಂದು ಕಾರಣ.

ಆದರೆ ದರ್ಶಿನಿಯಲ್ಲಿ ಸೇವೆ ಮಾಯ ಆಗಿಲ್ಲ ಕಣ್ರೀ. ನೀವು ಬಿಟ್ಟು ಹೋದ ತಟ್ಟೆ ಎತ್ತೋರು, ಚಟ್ನಿ ಚೆಲ್ಲಿದ ಟೇಬಲ್ ಒರೆಸೋರು ಇದ್ದಾರೆ. ಅವರು ಗಲ್ಲಾ ಹತ್ರ ಇರಲ್ಲ, ನಿಮ್ಮ ಕಣ್ಣಿಗೆ ಬೀಳಲ್ಲ, ಅಷ್ಟೇ. ಈಗ ಹೊಸ ಕಾಫಿ ಶಾಪುಗಳ ಜತೆ ಡಬ್ಬ ವಾಪಸ್ ಬಂದಿದೆ. ಅದು ಕೂತಿರೋದು ಗಲ್ಲಾ ಪಕ್ಕ, ಸಿಂಕಿನ ಪಕ್ಕ ಅಲ್ಲ.

ಅಂದ ಹಾಗೆ, ಹೋಟೆಲಿನವರು ಬಿಲ್ಲಲ್ಲಿ ತಾವೇ ಸೇವಾ ಶುಲ್ಕ ಸೇರಿಸೋ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದೆ. 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಕೊಡೋದು ಬಿಡೋದು ನಿಮ್ಮಿಷ್ಟ.

7/7
ಈಗ ನನ್ನ ಕಥೆ. ಸೆಕೆಂಡ್ ಪಿಯು ಮುಗಿದ ರಜೆಯಲ್ಲಿ ಒಂದು ಅಂಗಡಿಯ ಕೌಂಟರಲ್ಲಿ ಎರಡು ತಿಂಗಳು ನಿಂತಿದ್ದೆ. ಯಾವ ಅಂಗಡಿ ಅಂತ ಬೇಡ. ಡಬ್ಬ ಇತ್ತು. ಸಂಜೆ ನಾನೂ ನನ್ನ ಫ್ರೆಂಡೂ ಎಣಿಸಿ ಅರ್ಧರ್ಧ ಹಂಚ್ಕೊಳ್ತಿದ್ವಿ. ಸಂಬಳ ಸ್ವಲ್ಪ ಜಾಸ್ತಿ ಮಾಡಿ ಸಾರ್ ಅಂತ ಕೇಳಿದಾಗ ಓನರ್ ಹೇಳಿದ್ದು ಒಂದೇ ಮಾತು: “ಡಬ್ಬ ಇದ್ಯಲ್ಲಪ್ಪಾ.”

ಆಗ ಅವರ ಮೇಲೆ ಸಿಟ್ಟು ಬಂದಿತ್ತು. ಪುಲ್‌ಮನ್ ಕಥೆ ಓದಿದ ಮೇಲೆ ಆ ಮಾತು ಎಷ್ಟು ಹಳೇದು ಅಂತ ಗೊತ್ತಾಯ್ತು. ಆದರೆ ಸ್ಟಾರ್‌ಬಕ್ಸ್ ಕೇಸ್ ಓದುವಾಗ ನೆನಪಾಗಿದ್ದು ಓನರ್ ಅಲ್ಲ. ಒಳಗೆ ಲೋಟ ತೊಳೀತಿದ್ದ ಅಕ್ಕ. ಎರಡು ತಿಂಗಳಲ್ಲಿ ಒಂದು ದಿನವೂ ಅವರಿಗೆ ನಾವು ಪಾಲು ಕೊಟ್ಟಿಲ್ಲ. ಅವರೂ ಕೇಳಿಲ್ಲ. ಕೊಡಬೇಕು ಅಂತ ನಮಗೆ ಹೊಳೆದೂ ಇಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಸಂಬಳ ಪೂರ್ತಿ ಇದ್ದು, ಓನರ್ ಕೈ ಹಾಕದೆ, ಸಿಂಕಿನ ಹತ್ರ ನಿಂತವರಿಗೂ ಪಾಲು ಹೋಗೋ ಹಾಗಿದ್ರೆ ಡಬ್ಬ ಇರ್ಲಿ. ಸಂಬಳ ತಪ್ಪಿಸೋಕೆ ನೆಪ ಆಗಿದ್ರೆ ಎತ್ತಿಡಿ, ಬೇಕಾದ್ರೆ ಕಾಫಿಗೆ ಐದು ರೂಪಾಯಿ ಜಾಸ್ತಿ ಮಾಡಿ.

ಮುಂದಿನ ಸಲ ಡಬ್ಬ ಕಂಡ್ರೆ ಹತ್ತು ರೂಪಾಯಿ ಹಾಕೋಕೆ ಮುಂಚೆ ಮೆಲ್ಲಗೆ ಕೇಳಿ: “ಇದು ಯಾರ್ಯಾರಿಗೆ ಹೋಗುತ್ತೆ?” ಏನು ಉತ್ತರ ಬಂತು ಅಂತ ಕಾಮೆಂಟಲ್ಲಿ ಬರೀರಿ. ಪಾರ್ಟ್ ಟೈಮ್ ಕೆಲಸ ಮಾಡ್ತಿರೋ ಫ್ರೆಂಡ್‌ಗೆ ಇದನ್ನ ಕಳಿಸಿ.

#ಟಿಪ್ಸ್‌ಡಬ್ಬ #ಇತಿಹಾಸ #ದರ್ಶಿನಿ #ಕನ್ನಡ