ಯೋಜನೆ ಮುಗಿದರೂ ಮುಗಿಯದ ಕೆಲಸ: ವಿಜಯಪುರ ಸೀಮೆಯ ಸಮಾಜ ಕಾರ್ಯಕರ್ತರು

ಬಾಲ್ಯವಿವಾಹದ ಸುಳಿವು ಸಿಕ್ಕ ಕೂಡಲೇ ಹಳ್ಳಿಗೆ ಧಾವಿಸುವವರು, ಎಚ್‌ಐವಿ ಸೋಂಕಿತರ ಪಕ್ಕ ಕೂತು ಮಾತ್ರೆ ಬಿಡದಂತೆ ಒಪ್ಪಿಸುವವರು, ಗಂಡನ ಹೊಡೆತ ತಾಳದೆ ಬಂದ ಹೆಣ್ಣುಮಗಳ ಅಳಲು ಕೇಳಿ ಅರ್ಜಿ ಬರೆದುಕೊಡುವವರು ಸಮಾಜ ಕಾರ್ಯಕರ್ತರು. ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಮೂರೂವರೆ ದಶಕಗಳಲ್ಲಿ ಇವರ ಕೆಲಸದ ವ್ಯಾಪ್ತಿ ಬಹಳ ಹಿಗ್ಗಿದೆ. ಇವರ ನೌಕರಿಯ ಭದ್ರತೆ ಮಾತ್ರ ಅದರ ಜೊತೆಗೆ ಬೆಳೆಯಲಿಲ್ಲ. ಇವರ ಒತ್ತಡವನ್ನು ಅರಿಯಬೇಕಾದರೆ ಈ ಕ್ಷೇತ್ರ ಬೆಳೆದು ಬಂದ ದಾರಿಯನ್ನು ನೋಡಬೇಕು.

ಸೇವೆಯ ಕಾಲ

ಬರ ಈ ಸೀಮೆಗೆ ಹೊಸದಲ್ಲ. 1876–78ರ ಭೀಕರ ಕ್ಷಾಮದ ನೆನಪು ಇಲ್ಲಿ ತಲೆಮಾರುಗಳವರೆಗೆ ಉಳಿಯಿತು. ಆಗ ನೆರವೆಂದರೆ ಮಠ, ದಾನಿಗಳು ಮತ್ತು ಸರ್ಕಾರದ ಬರಗಾಲದ ಕಾಮಗಾರಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ.ಗು. ಹಳಕಟ್ಟಿಯವರು ಸೇವೆಗೆ ಸಂಸ್ಥೆಯ ರೂಪ ಕೊಟ್ಟರು. 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಹುಟ್ಟಿತು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು. ಗಾಂಧಿವಾದಿ ಕಾಕಾ ಕಾರಖಾನೀಸರು ಹರಿಜನ ಸೇವೆಗೆ ತಮ್ಮನ್ನು ತೆತ್ತುಕೊಂಡರು.

ಸಮಾಜ ಕಾರ್ಯವನ್ನು ತರಗತಿಯಲ್ಲಿ ಕಲಿಸುವ ಪದ್ಧತಿ ಭಾರತದಲ್ಲಿ ಆರಂಭವಾದದ್ದು 1936ರಲ್ಲಿ, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ. ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಆ ದಾರಿ ಹಿಡಿಯಿತು. ಮುಂದೆ ಧಾರವಾಡದಲ್ಲೂ ಈ ಓದು ಬಂತು. ವಿಜಯಪುರದ ಹಳ್ಳಿಗಳಿಗೆ ಅದರ ಗಾಳಿ ತಾಗಲು ಇನ್ನೂ ಕಾಲ ಬೇಕಾಯಿತು.

ಯೋಜನೆಗಳ ಕಾಲ

ದೊಡ್ಡ ತಿರುವು ಬಂದದ್ದು 1989ರಲ್ಲಿ. ಗ್ರಾಮೀಣ ಮಹಿಳೆಯರ ಸಬಲೀಕರಣಕ್ಕೆ ಕೇಂದ್ರ ಸರ್ಕಾರ ರೂಪಿಸಿದ ಮಹಿಳಾ ಸಮಾಖ್ಯಾ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ, ಬೀದರ್ ಮತ್ತು ಮೈಸೂರುಗಳ ಜೊತೆ, ಬಾಗಲಕೋಟೆಯೂ ಸೇರಿದ್ದ ಅಂದಿನ ವಿಜಾಪುರವೂ ಇತ್ತು. ಒಬ್ಬ ಸಹಯೋಗಿನಿಗೆ, ಅಂದರೆ ಯೋಜನೆಯ ಕ್ಷೇತ್ರ ಕಾರ್ಯಕರ್ತೆಗೆ, ಸುಮಾರು ಹತ್ತು ಹಳ್ಳಿ. ಆಕೆ ಹಳ್ಳಿಯಲ್ಲೇ ಉಳಿದು, ದಲಿತ ಕೇರಿಯ ಹೆಣ್ಣುಮಕ್ಕಳನ್ನು ಸಂಘಕ್ಕೆ ಸೇರಿಸಿ, ಕೂಲಿ, ಕುಡಿಯುವ ನೀರು, ಪಂಚಾಯಿತಿಯ ಮಾತು ಆಡಿಸಬೇಕಿತ್ತು. ಪದವಿ ಇಲ್ಲದಿದ್ದರೂ ಕ್ಷೇತ್ರಕಾರ್ಯವನ್ನು ಆಳವಾಗಿ ಬಲ್ಲ ಒಂದು ಪೀಳಿಗೆಯೇ ಇದರಿಂದ ಬೆಳೆಯಿತು. 2016ರ ಹೊತ್ತಿಗೆ ಕೇಂದ್ರದ ನೆರವು ನಿಂತಿತು. ಆ ಅನುಭವವನ್ನು ಉಳಿಸಿಕೊಳ್ಳುವ ಹುದ್ದೆಗಳು ಮಾತ್ರ ಹುಟ್ಟಲಿಲ್ಲ.

2003ರ ನಂತರ ಎಚ್‌ಐವಿ ತಡೆಯ ಕಾರ್ಯಕ್ರಮಗಳು ಬಂದವು. ದೇವದಾಸಿ ಪದ್ಧತಿ 1982ರ ಕಾಯ್ದೆಯಿಂದ ನಿಷಿದ್ಧವಾಗಿದ್ದರೂ ಅದರ ಬಾಧೆ ಉಳಿದಿದ್ದ ಈ ಸೀಮೆಯಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್‌ನಂಥ ಸಂಸ್ಥೆಗಳು ಕೆಲಸ ಮಾಡಿದವು. ಆಸ್ಪತ್ರೆಗಳಲ್ಲಿ ಆಪ್ತ ಸಮಾಲೋಚಕರ ಹುದ್ದೆ ಬಂತು, ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯು) ಓದಿದವರಿಗೆ ಕೆಲಸ ಸಿಕ್ಕಿತು. ಆ ಕೆಲಸ ಗುತ್ತಿಗೆಯದು.

ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳು ಪ್ರೌಢಶಾಲೆ ಬಿಡದಂತೆ ನೋಡಿಕೊಳ್ಳಲು ಇದೇ ಟ್ರಸ್ಟ್ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ‘ಸಮತಾ’ ಯೋಜನೆ ನಡೆಸಿತು. 2014–17ರ ಮೌಲ್ಯಮಾಪನದಲ್ಲಿ, ಯೋಜನೆ ನಡೆದ ಹಳ್ಳಿಗಳಿಗೂ ನಡೆಯದ ಹಳ್ಳಿಗಳಿಗೂ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮನೆಮನೆ ತಿರುಗಿ ತಂದೆತಾಯಿಯರನ್ನು ಒಪ್ಪಿಸಿದವರ ಶ್ರಮ ಹೀಗೆ ಅಂಕಿಗಳಲ್ಲಿ ಕಾಣದೆ ಹೋಗುವುದುಂಟು. ಈ ವೃತ್ತಿಯ ದಣಿವಿಗೆ ಅದೂ ಒಂದು ಕಾರಣ.

ಕಾಯ್ದೆಗಳ ಕಾಲ

ಮೂರನೆಯ ಘಟ್ಟವನ್ನು ರೂಪಿಸಿದ್ದು ಕಾನೂನು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಂದಾದ ಮೇಲೊಂದು ಬಂದವು. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಸಮಾಜ ಕಾರ್ಯಕರ್ತರಿಲ್ಲದೆ ನಡೆಯದು. ಬಳ್ಳಾರಿಯಲ್ಲಿ ನಿಮ್ಹಾನ್ಸ್ ರೂಪಿಸಿದ ಮಾದರಿಯಿಂದ 1996ರಲ್ಲಿ ಹುಟ್ಟಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಬೇಕು.

ಒತ್ತಡ ಎಲ್ಲಿಂದ?

ಅಮೆರಿಕದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ, ಇತರರಿಗೆ ನೆರವಾಗುವ ಕೆಲಸದಲ್ಲಿದ್ದವರ ಬಳಲಿಕೆಯನ್ನು ಗುರುತಿಸಿ ಬರೆದರು. ಕ್ರಿಸ್ಟಿನಾ ಮ್ಯಾಸ್ಲಾಕ್ ಅದರ ಮೂರು ಲಕ್ಷಣ ಹೇಳಿದರು: ಮನಸ್ಸು ಬತ್ತುವುದು, ಎದುರಿಗೆ ಬಂದವರ ಬಗ್ಗೆ ಕನಿಕರ ಕುಗ್ಗುವುದು, ತನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ಕೆಲಸದ ಸ್ಥಳದಿಂದ ಬರುವ ಸ್ಥಿತಿಯೆಂದು ವಿವರಿಸಿತು. ನಮ್ಮಲ್ಲಿ ಈಗಲೂ ಇದನ್ನು ಆ ವ್ಯಕ್ತಿಯ ದೌರ್ಬಲ್ಯವೆಂದೇ ಕಾಣುತ್ತಾರೆ.

ಇಲ್ಲಿನ ಕಾರಣಗಳು ಸ್ಪಷ್ಟವಾಗಿವೆ. ತಿಕೋಟಾ, ಬಬಲೇಶ್ವರ 2018ರಲ್ಲಿ ತಾಲ್ಲೂಕುಗಳಾದವು. ಆದರೂ ಮಕ್ಕಳ ಕಲ್ಯಾಣ ಸಮಿತಿ, ಬಾಲನ್ಯಾಯ ಮಂಡಳಿ, ಜಿಲ್ಲಾಸ್ಪತ್ರೆಗೆ ನಗರಕ್ಕೇ ಬರಬೇಕು. ಇಪ್ಪತ್ತು–ಇಪ್ಪತ್ತೈದು ಕಿ.ಮೀ. ದೂರ ದೊಡ್ಡದಲ್ಲ ಎನಿಸಬಹುದು. ಆದರೆ ಸಂಜೆಯ ಬಸ್ಸು ತಪ್ಪಿದ ಮೇಲೆ, ಹೆದರಿದ ಮಗುವನ್ನು ಜೊತೆಯಲ್ಲಿಟ್ಟುಕೊಂಡವರಿಗೆ ಆ ದೂರದ ಭಾರ ಗೊತ್ತು. ದುಡಿಯಲು ಗೋವೆಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಕುಟುಂಬ ಗುಳೆ ಹೋದರೆ ತಿಂಗಳುಗಟ್ಟಲೆ ಕಟ್ಟಿದ ನಂಬಿಕೆ ಕಡಿದುಹೋಗುತ್ತದೆ. 2006ರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದ ಇಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಅಂಥ ಮದುವೆ ನಿಲ್ಲಿಸಿದವರು ನಾಳೆ ಅದೇ ಊರಿಗೆ ಬೇರೆ ಕೆಲಸಕ್ಕೆ ಹೋಗಲೇಬೇಕು, ಮುನಿದವರ ಮುಖ ನೋಡಲೇಬೇಕು. ಇದೆಲ್ಲದರ ಮೇಲೆ, ಮಾರ್ಚ್ ಬಂದರೆ ಗುತ್ತಿಗೆ ಮುಂದುವರಿಯುವುದೋ ಇಲ್ಲವೋ ಎಂಬ ಚಿಂತೆ.

ಕಲಿಕೆಯ ದಾರಿ

2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಈ ಭಾಗದ ಹೆಣ್ಣುಮಕ್ಕಳಿಗೆ ದೊಡ್ಡ ಬಾಗಿಲು ತೆರೆಯಿತು. ಈಗ ಅಕ್ಕಮಹಾದೇವಿ ಹೆಸರಿನ ಆ ವಿಶ್ವವಿದ್ಯಾಲಯದಲ್ಲಿ ಸಮಾಜ ಕಾರ್ಯವನ್ನೂ ಓದಬಹುದು. ಆದರೆ ಪದವಿ ಮುಗಿದ ಮೇಲಿನ ಕಲಿಕೆಗೆ ಹತ್ತಿರದ ದಾರಿ ಕಡಿಮೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗಲು 2017ರ ಕಾಯ್ದೆ ಎಂ.ಫಿಲ್. ಕೇಳುತ್ತದೆ. ಅದಕ್ಕೆ ಸುಮಾರು 200 ಕಿ.ಮೀ. ದೂರದ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕು. ಯುಜಿಸಿ ಎಂ.ಫಿಲ್. ಪದವಿಯನ್ನೇ 2022ರಲ್ಲಿ ನಿಲ್ಲಿಸಿ, ಈ ವಿಷಯಕ್ಕೂ ಚಿಕಿತ್ಸಾ ಮನೋವಿಜ್ಞಾನಕ್ಕೂ 2025–26ರವರೆಗೆ ವಿನಾಯಿತಿ ಕೊಟ್ಟಿತು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ವೈದ್ಯಕೀಯ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಒಳಗೊಂಡಿತು. ಹಳ್ಳಿಯಲ್ಲಿ ದುಡಿಯುವವರಿಗೆ ಅಂಥ ಮಾನ್ಯತೆ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಹಿರಿಯರ ಮಾರ್ಗದರ್ಶನದ್ದು. ಆಲ್ಫ್ರೆಡ್ ಕಡುಷಿನ್ 1976ರಲ್ಲೇ ಮೇಲ್ವಿಚಾರಕರಿಗೆ ಮೂರು ಹೊಣೆ ಗೊತ್ತುಮಾಡಿದ್ದರು: ಆಡಳಿತ, ಕಲಿಕೆ, ಮನೋಬಲ. ನಮ್ಮ ವ್ಯವಸ್ಥೆಯಲ್ಲಿ ಉಳಿದಿರುವುದು ಬಹುತೇಕ ಮೊದಲನೆಯದು: ವರದಿ, ಫೋಟೊ, ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಬೇಕಾದ ಅಂಕಿ. ಆತ್ಮಹತ್ಯೆಗೆ ಯತ್ನಿಸಿದ ಹುಡುಗಿಯ ಮಾತು ಕೇಳಿ ಬಂದವರನ್ನು ‘ನೀವು ಹೇಗಿದ್ದೀರಿ?’ ಎಂದು ಕೇಳುವ ಹೊಣೆ ಯಾರ ಮೇಲೂ ಇಲ್ಲ.

ಇದಕ್ಕೆ ಪರಿಹಾರ ಜಿಲ್ಲೆಯೊಳಗೇ ಇದೆ. ಮಹಿಳಾ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜುಗಳು, ಜಿಲ್ಲಾಸ್ಪತ್ರೆ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಸೇರಿ ತಿಂಗಳಿಗೊಮ್ಮೆ ಪ್ರಕರಣ ಚರ್ಚೆ ನಡೆಸಬಹುದು. ಸಮಾಖ್ಯಾ ಕಾಲದ ಅನುಭವಿಗಳನ್ನು ಹೊಸಬರಿಗೆ ಮಾರ್ಗದರ್ಶಕರನ್ನಾಗಿ ಕರೆಯಬಹುದು. ತಿಕೋಟಾ, ಬಬಲೇಶ್ವರಗಳಲ್ಲಿ ವಾರಕ್ಕೊಂದು ದಿನ ಸಮಾಲೋಚನೆಗೆ ಕೊಠಡಿ ಒದಗಿಸಬಹುದು. ಕಾಯ್ದೆ ಕಡ್ಡಾಯ ಮಾಡಿದ ಕೆಲಸಕ್ಕೆ ಕಾಯಂ ಹುದ್ದೆ ಕೊಡುವುದು ಸರ್ಕಾರದ ಕರ್ತವ್ಯ. ಜನರ ಕಷ್ಟ ಯೋಜನೆಯ ಅವಧಿ ನೋಡಿ ಮುಗಿಯುವುದಿಲ್ಲ. ಆ ಕಷ್ಟಕ್ಕೆ ಹೆಗಲು ಕೊಡುವವರನ್ನು ಅವಧಿ ಮುಗಿಯಿತೆಂದು ಮನೆಗೆ ಕಳಿಸುವ ಪದ್ಧತಿ ಇನ್ನಾದರೂ ನಿಲ್ಲಬೇಕು.