ಹಠಮಾರಿ ನಟ್ಟು ಮತ್ತು ಕುಲುಮೆಯ ವಿದ್ಯೆ

ಹಳೆಯ ಕಾರಿನ ಸೈಲೆನ್ಸರ್ ಬಿಚ್ಚಲು ಕುಳಿತವರಿಗೆಲ್ಲ ಈ ಅನುಭವ ಆಗಿರುತ್ತದೆ. ಎರಡು ನಟ್ಟುಗಳು ಸಲೀಸಾಗಿ ಬರುತ್ತವೆ; ಮೂರನೆಯದು ಜಪ್ಪಯ್ಯ ಎಂದರೂ ಕದಲುವುದಿಲ್ಲ. ವಿಜಯಪುರ ನಗರದಲ್ಲಾದರೆ ಗ್ಯಾರೇಜಿಗೆ ಹೇಳಿಕಳುಹಿಸಬಹುದು. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲೋ ಬಬಲೇಶ್ವರದಾಚೆಯ ಹೊಲದ ಮನೆಯಲ್ಲೋ ಹೀಗಾದರೆ, ಕೈಗೆ ಸಿಕ್ಕಿದ್ದೇ ಸಾಮಾನು: ನೀರಿನ ಪೈಪಿನ ತುಂಡು, ಸೀಮೆಎಣ್ಣೆ, ಸುತ್ತಿಗೆ. ಇದೇನು ಅಡ್ಡಕಸುಬಲ್ಲ. ಇದರ ಹಿಂದೆ ಕಾರಿಗಿಂತ ಹಳೆಯ ವಿದ್ಯೆಯಿದೆ.

ಮೋಟಾರಿನ ಚರಿತ್ರೆ ಆರಂಭವಾದದ್ದೇ ಇಂಥ ರಿಪೇರಿಯಿಂದ. 1888ರ ಆಗಸ್ಟ್‌ನಲ್ಲಿ ಬರ್ಥಾ ಬೆಂಝ್ ಎಂಬ ಮಹಿಳೆ ಗಂಡನಿಗೆ ತಿಳಿಸದೆ, ಇಬ್ಬರು ಮಕ್ಕಳೊಂದಿಗೆ ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರಿನಲ್ಲಿ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕಿಗೆ ಚಮ್ಮಾರನಿಂದ ಚರ್ಮ ಹೊಡೆಸಿದಳು. ಸರಪಳಿ ಸರಿಮಾಡಿದವನು ಒಬ್ಬ ಕಮ್ಮಾರ. ಆಗ ಮೆಕ್ಯಾನಿಕ್ ಎಂಬ ಕಸುಬೇ ಹುಟ್ಟಿರಲಿಲ್ಲ.

ನಟ್ಟು ಹಟ ಹಿಡಿಯುವುದೇಕೆ? ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಮರೆಗಳ ಸಂದಿಯಲ್ಲಿ ಆ ಜಾಗವಿಲ್ಲ. ಆದ್ದರಿಂದ ಬೆಣೆ ಜಡಿದಂತೆ ಬಿಗಿಯುತ್ತದೆ. ಇಲ್ಲಿ ಬರಿಯ ತೋಳ್ಬಲ ಸಾಲದು. ಮಲಿಕ್-ಎ-ಮೈದಾನ್ ತೋಪನ್ನು 1632ರಲ್ಲಿ ಪರಾಂಡಾದಿಂದ ವಿಜಯಪುರಕ್ಕೆ ತರುವಾಗ 400 ಎತ್ತು, 10 ಆನೆ ಹೂಡಿದ್ದರೆಂದು ಹೇಳುತ್ತಾರೆ. ಅದರ ತೂಕ ಸುಮಾರು 55 ಟನ್. ಸುಲ್ತಾನನಿಗೆ ಆನೆಗಳಿದ್ದವು, ನಮಗಿರುವುದು ಎರಡೇ ಕೈ. ಅದಕ್ಕೇ ಪೈಪಿನ ತುಂಡು. 25 ಸೆಂಟಿಮೀಟರಿನ ಪಾನಾದ ಹಿಡಿಗೆ ಪೈಪ್ ತೂರಿಸಿ 75 ಸೆಂಟಿಮೀಟರ್ ಮಾಡಿದರೆ, ಅದೇ ಕೈ ಮೂರು ಪಟ್ಟು ತಿರುಚುತ್ತದೆ. ಹಾರೆಯಿಂದ ಬಂಡೆ ಮೀಟುವ ರೈತನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಎರಡನೆಯ ಉಪಾಯ ಶಾಖದ್ದು. ಚಕ್ಕಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಕಂಡವರಿಗೆ ಇದು ಗೊತ್ತು. ಪಟ್ಟಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡಿ, ಬೆಂಕಿಯಲ್ಲಿ ಕಾಯಿಸುತ್ತಾರೆ. ನಾಲ್ಕು ಮೀಟರ್ ಸುತ್ತಳತೆಯ ಪಟ್ಟಿ 500 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 24 ಮಿಲಿಮೀಟರ್ ಹಿಗ್ಗುತ್ತದೆ. ಗಾಲಿಗೆ ಕೂರಿಸಿ ನೀರು ಸುರಿದೊಡನೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ತುಕ್ಕು ಹಿಡಿದ ನಟ್ಟನ್ನು ಕಾಯಿಸಿ ಬಿಚ್ಚುವುದು ಇದೇ ವಿದ್ಯೆಯ ಇನ್ನೊಂದು ಮುಖ. ನಟ್ಟು ಹಿಗ್ಗಿದಾಗ ಅದರ ತೂತೂ ಹಿಗ್ಗಿ, ತುಕ್ಕಿನ ಹಿಡಿತ ಸಡಿಲುತ್ತದೆ.

ಆದರೆ ಕಮ್ಮಾರ ಉಪಾಯದ ಜೊತೆಗೇ ಎಚ್ಚರವನ್ನೂ ಕಲಿತಿದ್ದ. ಸೀಮೆಎಣ್ಣೆ ಸುರಿದಲ್ಲಿ, ಟೈರಿನ ಬಳಿ, ಪೆಟ್ರೋಲ್ ಟ್ಯಾಂಕಿನ ಹತ್ತಿರ ಬೆಂಕಿ ಸಲ್ಲದು. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ತಲೆ ತೂರಿಸಬಾರದು. ಪೈಪ್ ಜಾರಿದರೆ ಮುರಿಯುವುದು ನಟ್ಟಲ್ಲ, ಮಣಿಕಟ್ಟು. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವುದು ಎಷ್ಟೋ ಮೇಲು.

ರಬ್ಬರ್ ಗಾಲಿಯ ಬಂಡಿ, ಟ್ರ್ಯಾಕ್ಟರುಗಳು ಬಂದ ಮೇಲೆ ಗಾಲಿಗೆ ಪಟ್ಟಿ ತೊಡಿಸುವ ಬೆಂಕಿ ಅಪರೂಪವಾಗಿದೆ. ಬೆಂಕಿ ಆರಿದರೂ ವಿದ್ಯೆ ಆರಿಲ್ಲ. ತುಕ್ಕು ಹಿಡಿದ ನಟ್ಟು ಕಿರ್ರೆಂದು ಕದಲಿದಾಗ ಕೇಳುವುದು ಕುಲುಮೆಯದೇ ದನಿ.