ಓಲೆಗರಿಯಿಂದ ಇ-ಪಬ್‌ವರೆಗೆ

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ನನ್ನ ತರಗತಿಯಲ್ಲಿ ಕುಳಿತವರಾರೂ ಮರೆತಿರಲಾರರು. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಓಲೆಗರಿಗೆ ಆಯುಸ್ಸು ಕಡಿಮೆ; ಕಾಲಕಾಲಕ್ಕೆ ಪ್ರತಿಯಾಗದ ಗ್ರಂಥ ಗೆದ್ದಲಿಗೆ ಆಹಾರವಾಗುತ್ತಿತ್ತು. ಕಂಪ್ಯೂಟರಿನೊಳಗಿನ ಪುಸ್ತಕಕ್ಕೆ ಈ ಭಯವಿಲ್ಲವೆಂದು ಹಲವರು ಭಾವಿಸಿದ್ದಾರೆ. ಇ-ಪುಸ್ತಕಗಳ ಅಲ್ಪಕಾಲದ ಚರಿತ್ರೆ ಬೇರೆಯೇ ಪಾಠವನ್ನು ಹೇಳುತ್ತದೆ.

1971ರಲ್ಲಿ ಅಮೆರಿಕದ ಮೈಕೆಲ್ ಹಾರ್ಟ್ ಎಂಬಾತ ಆ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಇಲಿನಾಯ್ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಟೈಪು ಮಾಡಿದನು. ಪ್ರಾಜೆಕ್ಟ್ ಗುಟೆನ್‌ಬರ್ಗ್ ಮೊದಲಾದದ್ದು ಹಾಗೆ. ಯಾವ ಅಲಂಕಾರವೂ ಇಲ್ಲದ ಅಂಥ ಸರಳ ಪಠ್ಯವನ್ನು ಇಂದಿನ ಯಾವ ಯಂತ್ರವೂ ತೆರೆಯಬಲ್ಲದು. ಮೈಕ್ರೋಸಾಫ್ಟ್ 2000ದಲ್ಲಿ ಹೊರತಂದ 'ಲಿಟ್' ಎಂಬ ಸ್ವರೂಪವಾದರೋ 2012ರಲ್ಲೇ ಅನಾಥವಾಯಿತು. ಫ್ರಾನ್ಸಿನ ಮೋಬಿಪಾಕೆಟ್ ಕಂಪನಿಯನ್ನು ಅಮೆಜಾನ್ 2005ರಲ್ಲಿ ಕೊಂಡು, 2007ರ ಕಿಂಡಲ್‌ಗೆ ಅದರ 'ಮೋಬಿ' ಸ್ವರೂಪವನ್ನೇ ಆಧಾರವಾಗಿಸಿಕೊಂಡಿತು. ಅದೇ ವರ್ಷ ಹಲವು ಸಂಸ್ಥೆಗಳು ಸೇರಿ 'ಇ-ಪಬ್' ಎಂಬ ಮುಕ್ತ ಮಾನಕವನ್ನು ರೂಪಿಸಿದವು. ಕಿಂಡಲ್‌ಗೆ ಓದುಗರು ಕಳುಹಿಸುವ ಇ-ಪಬ್ ಕಡತಗಳನ್ನು ಅಮೆಜಾನ್ ಕೂಡ 2022ರಿಂದ ಸ್ವೀಕರಿಸತೊಡಗಿತು.

ಈ ನಡುವೆ ಲಿಪಿಕಾರನ ಕೆಲಸವನ್ನು ವಹಿಸಿಕೊಂಡದ್ದು 'ಕ್ಯಾಲಿಬರ್' ಎಂಬ ತಂತ್ರಾಂಶ. ಸೋನಿ ಕಂಪನಿಯ ಓದುಯಂತ್ರ ಲಿನಕ್ಸ್‌ನೊಡನೆ ಹೊಂದದಿದ್ದುದರಿಂದ ಕೋವಿದ್ ಗೋಯಲ್ ಅವರು 2006ರಲ್ಲಿ ತಾವೇ ಅದನ್ನು ಬರೆಯತೊಡಗಿದರು. ಇಂದಿಗೂ ಅದು ಉಚಿತ. ಅದರ ಕ್ರಮ ಸರಳವಾಗಿದೆ. ಬಂದ ಕಡತವನ್ನು ಬಿಚ್ಚಿ, ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನ ರೂಪಕ್ಕೆ ತಂದು, ಬೇಕಾದ ಹೊಸ ಸ್ವರೂಪದಲ್ಲಿ ಮತ್ತೆ ಕಟ್ಟುತ್ತದೆ. ಇ-ಪಬ್ ಕೂಡ ಅಂಥ ಪುಟಗಳನ್ನೇ ಒಂದು ಜಿಪ್ ಗಂಟಿನಲ್ಲಿ ಕಟ್ಟಿಟ್ಟದ್ದು.

ಇಷ್ಟಾದರೂ ಕನ್ನಡಿಗರಿಗೊಂದು ವಿಶೇಷ ತೊಡಕು ಉಂಟು. 'ಬರಹ', 'ನುಡಿ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ನಾವು ಟೈಪು ಮಾಡಿದ್ದು ಕನ್ನಡವಾಗಿ ಕಂಡರೂ, ಕಂಪ್ಯೂಟರಿನ ನೆನಪಿನಲ್ಲಿ ಕುಳಿತದ್ದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ಆ ಫಾಂಟು ಹೊದಿಸಿದ ಕನ್ನಡದ ವೇಷ ಅದು! ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. ಕ್ಯಾಲಿಬರ್ ಹೊರಕಟ್ಟನ್ನು ಬದಲಿಸುತ್ತದೆಯೇ ಹೊರತು ಈ ಸಂಕೇತಗಳನ್ನು ತಿದ್ದುವುದಿಲ್ಲ. ಆದ್ದರಿಂದ ಇ-ಪಬ್ ಮಾಡುವ ಮೊದಲು ಪಠ್ಯವನ್ನು ಯೂನಿಕೋಡ್‌ಗೆ ತರಲೇಬೇಕು.

ಅದಕ್ಕೆ ಪರಿವರ್ತಕಗಳಿವೆ, ಆದರೂ ಕಣ್ಣಿಟ್ಟು ಓದಬೇಕು. ನಿಮಗೆ ಕಲಿಸಿದ ಅರ್ಕಾವೊತ್ತನ್ನೇ ತೆಗೆದುಕೊಳ್ಳಿ. 'ಸೂರ್ಯ' ಎಂದು ಬರೆಯುವಾಗ ಅರ್ಕಾವೊತ್ತು ಯಕಾರದ ನಂತರ ಬರುತ್ತದೆ. ಹಳೆಯ ಫಾಂಟಿನಲ್ಲಿಯೂ ಕಣ್ಣಿಗೆ ಕಾಣುವ ಆ ಕ್ರಮವೇ. ಯೂನಿಕೋಡ್ ಮಾತ್ರ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ: ಮೊದಲು ರಕಾರ, ಹಲಂತ, ಆಮೇಲೆ ಯಕಾರ. ಪರಿವರ್ತಕ ಇಲ್ಲಿ ಎಡವಿದರೆ 'ಧರ್ಮ'ದಂಥ ಪದವೂ ಕೆಡುತ್ತದೆ. ಹಳಗನ್ನಡ ಗ್ರಂಥಗಳ ಪಾಠಾಂತರಗಳಿಗಾಗಿ ವಿದ್ವಾಂಸರು ಲಿಪಿಕಾರರನ್ನು ದೂರುವುದನ್ನು ನೀವು ಬಲ್ಲಿರಿ. ನಮ್ಮ ಕಾಲದ ಪಾಠಾಂತರಗಳು ಹುಟ್ಟುವುದು ಹೀಗೆ.

ನಾನು ಕೆಲವು ತಿಂಗಳುಗಳಿಂದ ನನ್ನ ಹಳೆಯ ವ್ಯಾಕರಣ ಟಿಪ್ಪಣಿಗಳನ್ನು ಈ ರೀತಿ ಯೂನಿಕೋಡ್‌ಗೆ ತರುತ್ತಿದ್ದೇನೆ. ದಿನಕ್ಕೆ ನಾಲ್ಕೈದು ಪುಟ ಸಾಗುತ್ತದೆ. ಬೇಸರವೆನಿಸಿಲ್ಲ; ಉತ್ತರಪತ್ರಿಕೆ ತಿದ್ದಿದ ಅಭ್ಯಾಸ ಇಲ್ಲಿ ಒದಗಿಬಂದಿದೆ.

ನಿಮ್ಮ ಮನೆಗಳಲ್ಲಿಯೂ ತಂದೆಯವರು ಟೈಪು ಮಾಡಿಸಿದ ವಂಶವೃಕ್ಷ, ಅಜ್ಜಿ ಹೇಳಿ ಬರೆಸಿದ ಹಾಡುಗಳ ಕಡತ ಹಳೆಯ ಕಂಪ್ಯೂಟರಿನಲ್ಲಿಯೋ ಸೀಡಿಯಲ್ಲಿಯೋ ಇರಬಹುದು. ಆ ಫಾಂಟು ಯಾವುದೆಂದು ಹೇಳಬಲ್ಲವರು ಇರುವಾಗಲೇ ಅದನ್ನು ತೆರೆಯಿರಿ. ಯೂನಿಕೋಡ್‌ಗೆ ಮಾರ್ಪಡಿಸಿ, ಸಾಲುಸಾಲಾಗಿ ಓದಿ ತಿದ್ದಿ, ಸರಳ ಪಠ್ಯವಾಗಿ ಒಂದು, ಇ-ಪಬ್ ಆಗಿ ಒಂದು ಪ್ರತಿಯನ್ನಿಡಿ. ಮೂಲ ಕಡತವನ್ನು ಅಳಿಸಬೇಡಿ. ಸಂದೇಹ ಬಂದಾಗ ಅದೇ ಸಾಕ್ಷಿ. ಆಮೇಲೆ ಬಂಧುಗಳಿಗೆಲ್ಲ ಹಂಚಿರಿ. ಸಾವಿರ ಪ್ರತಿ ಬೇಡ, ಹತ್ತು ಮನೆಗಳಲ್ಲಿ ಹತ್ತು ಪ್ರತಿಗಳಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಅದು ಓದಲು ಸಿಕ್ಕೀತು.